ವಾಪಸ್ ಬರ್ತೀಯಾ?

ಅರ್ಜಿಯನ್ನು ವಿಮರ್ಶೆ ಮಾಡುವುದುಂಟೇನ್ರಿ ಎಂದು ಪಂಡಿತರು ಮೂಗು ಮುರಿಯಬಹುದು. ಮುರಿಯಲಿ. ಕಥೆ ಕವನಗಳಿಗೆ ಬಹಳ ಮುಂಚೆಯೇ ನಮ್ಮ ಜನ ಅಕ್ಷರದ ಜೊತೆ ವ್ಯವಹಾರ ಶುರುಮಾಡಿದ್ದು ಅರ್ಜಿಯಿಂದ. ತಾಲ್ಲೂಕು ಕಚೇರಿಯ ಮುಂದೆ ಮರದ ಕೆಳಗೆ ಕೂತ ಅರ್ಜಿ ಬರೆಯುವವನಿಗೆ ಚಿಲ್ಲರೆ ಎಣಿಸಿಕೊಟ್ಟು, ‘ಮಹಾಸ್ವಾಮಿಗಳ ಸನ್ನಿಧಾನಕ್ಕೆ’ ಎಂದು ಮೊದಲಾಗಿ ‘ತಮ್ಮ ವಿಧೇಯ’ ಎಂದು ಮುಗಿಯುವ ಹಾಳೆಯ ತಳಕ್ಕೆ ಹೆಬ್ಬೆಟ್ಟು ಒತ್ತಿದವರು ನಮ್ಮ ಹಿರಿಯರು. ಓದುವವನ ಮರ್ಜಿ ನೋಡಿಕೊಂಡು ನಮ್ಮ ಬದುಕನ್ನು ಕತ್ತರಿಸಿ ಹೊಲಿಯುವ ವಿದ್ಯೆ ಅದು. ಏನು ಹೇಳಿದರೆ ಧಣಿಗೆ ಕೋಪ ಬರುತ್ತದೆ, ಏನು ಬಿಟ್ಟರೆ ಕೆಲಸ ಆಗುತ್ತದೆ ಎಂಬ ಲೆಕ್ಕಾಚಾರವೇ ಅದರ ವ್ಯಾಕರಣ. ಈ ಪ್ರಕಾರ ಇನ್ನೂ ಸತ್ತಿಲ್ಲ. ಕೋಲಾರ ಚಿನ್ನದ ಗಣಿಯ ಲೈನುಗಳಲ್ಲಿ, ಬಂಗಾರಪೇಟೆಯ ಕೇರಿಗಳಲ್ಲಿ ಈಗ ಅದರ ಹೊಸ ರೂಪ ಓಡಾಡುತ್ತಿದೆ. ಪರದೇಶಕ್ಕೆ ಓದಲು ಹೋಗುವವರ ವೀಸಾ ಅರ್ಜಿ, ಅದರ ಜೊತೆಗೇ ‘ಸ್ಟೇಟ್‌ಮೆಂಟ್ ಆಫ್ ಪರ್ಪಸ್’ ಎಂಬ ಉದ್ದೇಶಪತ್ರ. ಇವನ್ನು ಓದಿ ತೂಗುವ ಕೆಲಸ ವಿಮರ್ಶೆಯದ್ದಲ್ಲದೆ ಇನ್ಯಾರದು?

ಮೊದಲು ಉದ್ದೇಶಪತ್ರವನ್ನೇ ತೆಗೆದುಕೊಳ್ಳೋಣ. ಮಾರಿಕುಪ್ಪದ ಕಡೆಯ ಲೈನ್ ಮನೆಯೊಂದರ ಹುಡುಗಿ, ಬೆಂಗಳೂರಿಗೆ ದಿನಾ ರೈಲಿನಲ್ಲಿ ಹೋಗಿ ಬಂದು ಇಂಜಿನಿಯರಿಂಗ್ ಮುಗಿಸಿದವಳು, ಅಮೆರಿಕಾದಲ್ಲಿ ಪರಿಸರ ಇಂಜಿನಿಯರಿಂಗ್ ಓದಬೇಕೆಂದು ಬರೆದ ಪತ್ರದ ಎರಡು ಪ್ರತಿಗಳು ನಮ್ಮ ಮುಂದಿವೆ. ಹೆಸರು ಬೇಡ ಅಂದಳು, ಹಾಕಿಲ್ಲ. ಮೊದಲ ಪ್ರತಿ ಅವಳೇ ಬರೆದದ್ದು. ಅದು ಶುರುವಾಗುವುದು ಸೈನೈಡ್ ಗುಡ್ಡದಿಂದ. ಬೇಸಿಗೆಯಲ್ಲಿ ಗಾಳಿ ಎದ್ದರೆ ಆ ಗುಡ್ಡದ ಧೂಳು ಅನ್ನದ ತಟ್ಟೆಗೆ ಬಂದು ಕೂರುತ್ತದೆ, ಅಮ್ಮ ತಟ್ಟೆಯ ಮೇಲೆ ತಟ್ಟೆ ಮುಚ್ಚುತ್ತಾಳೆ ಎಂದು ಬರೆದಿದ್ದಾಳೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು, ಗುಡ್ಡ ಮಾತ್ರ ಉಳಿಯಿತು. ಮೂರು ಕೋಟಿ ಟನ್ನಿಗೂ ಹೆಚ್ಚಿನ ಮಣ್ಣು. ಅವಳ ತಾತ ಚಾಂಪಿಯನ್ ರೀಫ್ಸ್ ಗಣಿಯ ಆಳದಲ್ಲಿ ಕೆಲಸ ಮಾಡಿ, ಕೆಮ್ಮಿ ಕೆಮ್ಮಿ ಸತ್ತವನು. ಈ ಮಣ್ಣನ್ನು ಹಾರದ ಹಾಗೆ ಹಿಡಿದು ಕೂರಿಸುವುದು ಹೇಗೆ, ಬಾವಿಯ ನೀರಿಗೆ ಇಳಿಯದ ಹಾಗೆ ತಡೆಯುವುದು ಹೇಗೆ ಅನ್ನುವುದನ್ನು ಕಲಿತು ಬರಬೇಕು ಎಂಬುದು ಅವಳ ಉದ್ದೇಶ. ಇಂಗ್ಲಿಷು ಸೊಟ್ಟ. ಒಂದು ವಾಕ್ಯ ತಮಿಳಿನಲ್ಲಿ ಹುಟ್ಟಿದ್ದು, ಇನ್ನೊಂದು ಕನ್ನಡದಲ್ಲಿ ಹುಟ್ಟಿದ್ದು ಎಂದು ಓದಿದರೇ ಗೊತ್ತಾಗುತ್ತದೆ. ಆದರೆ ಪ್ರತಿ ವಾಕ್ಯಕ್ಕೂ ಒಂದು ಊರಿದೆ.

ಎರಡನೆಯ ಪ್ರತಿ ಬೆಂಗಳೂರಿನ ಒಬ್ಬ ಏಜೆಂಟು ದುಡ್ಡು ತೆಗೆದುಕೊಂಡು ತಿದ್ದಿಕೊಟ್ಟದ್ದು. ಇಲ್ಲಿ ಇಂಗ್ಲಿಷು ನೆಟ್ಟಗಿದೆ. ತಾತ ಇಲ್ಲ. ಗುಡ್ಡ ‘ಪರಿಸರದ ಸವಾಲುಗಳು’ ಆಗಿದೆ. ಕೆ.ಜಿ.ಎಫ್. ‘ಬೆಂಗಳೂರಿನ ಸಮೀಪದ ಒಂದು ಪುಟ್ಟ ಪಟ್ಟಣ’ ಆಗಿದೆ. ಚಿಕ್ಕಂದಿನಿಂದಲೂ ತನಗೆ ವಿಜ್ಞಾನದ ಬಗ್ಗೆ ಇದ್ದ ಪ್ಯಾಷನ್ನು, ಬದಲಾಗುತ್ತಿರುವ ಜಗತ್ತು, ನಾಯಕತ್ವದ ಗುಣ ಎಂದು ಸಾಲು ಸಾಲಾಗಿ ಬರುತ್ತವೆ. ಅನ್ನದ ತಟ್ಟೆ ಎಲ್ಲಿ ಹೋಯಿತಮ್ಮ ಎಂದು ಕೇಳಿದೆವು. "ತಾತನ ಕೆಮ್ಮು ಎಲ್ಲಾ ಯಾಕಮ್ಮ, ನೆಗೆಟಿವ್ ಆಗತ್ತೆ ಅಂದ್ರು ಸಾರ್" ಅಂದಳು.

ಭಾಷೆ ತಿದ್ದಿದ್ದಕ್ಕೆ ನಮ್ಮ ತಕರಾರಿಲ್ಲ. ವಾಕ್ಯ ನೆಟ್ಟಗಾಗಬೇಕಾದರೆ ಮನುಷ್ಯರನ್ನು ತೆಗೆಯಲೇಬೇಕು ಎಂಬ ಈ ಸೌಂದರ್ಯಶಾಸ್ತ್ರದ ಬಗ್ಗೆ ತಕರಾರು. ಇದು ನಮಗೆ ಹೊಸದೇನೂ ಅಲ್ಲ. ದಲಿತ ಕವಿಗಳ ಬೈಗುಳವನ್ನು, ಹೊಲಸನ್ನು, ಹಸಿವನ್ನು ಕಂಡು ‘ಇದರಲ್ಲಿ ಕಲೆ ಎಲ್ಲಿದೆ’ ಎಂದು ಕೇಳಿದ ಕನ್ನಡದ ವಿಮರ್ಶಕ ಮಹಾಶಯರೂ ಇದನ್ನೇ ಹೇಳಿದ್ದು. ಏಜೆಂಟು ಅವರಿಗಿಂತ ಪ್ರಾಮಾಣಿಕ, ಕಲೆ ಅನ್ನಲಿಲ್ಲ, ನೆಗೆಟಿವ್ ಅಂದ.

ಇನ್ನೂ ಒಂದು ಮಾತು. ಉದ್ದೇಶಪತ್ರಕ್ಕೆ ‘ನಾನು’ ಬೇಕು. ನಾನು ಕಂಡೆ, ನಾನು ಸಾಧಿಸಿದೆ, ನಾನು ಮುನ್ನಡೆಸಿದೆ. ನವ್ಯರ ‘ನಾನು’ವನ್ನು ಬಂಡಾಯದವರು ಎಷ್ಟೇ ಬೈದಿರಲಿ, ಅದಕ್ಕೆ ತನ್ನ ಮೇಲೆ ತನಗೇ ಅನುಮಾನವಿತ್ತು, ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಈ ‘ನಾನು’ವಿಗೆ ಅನುಮಾನವೇ ಇಲ್ಲ, ಗಡದ್ದಾಗಿ ನಿದ್ದೆ ಮಾಡುತ್ತದೆ. ಲೈನಿನ ಹುಡುಗಿಯ ಮೊದಲ ಪ್ರತಿಯಲ್ಲಿ ‘ನಾನು’ ನಾಲ್ಕೈದು ಕಡೆ ಬಂದರೆ ‘ನಾವು’ ಹತ್ತು ಹದಿನೈದು ಕಡೆ ಬರುತ್ತದೆ. ಎರಡನೆಯದರಲ್ಲಿ ‘ನಾವು’ ಒಂದೇ ಒಂದು ಸಲ, ಅದೂ ಕಾಲೇಜಿನ ಪ್ರಾಜೆಕ್ಟಿನ ವಿಷಯಕ್ಕೆ.

ಕನ್ನಡದಲ್ಲಿ ಪರದೇಶದ ಬರವಣಿಗೆಗೆ ಬರವಿಲ್ಲ. ಎ.ಕೆ. ರಾಮಾನುಜನ್ 1959ರಲ್ಲಿ ಫುಲ್‌ಬ್ರೈಟ್ ನೆರವಿನಿಂದ ಅಮೆರಿಕಾಕ್ಕೆ ಹೋದರು. ಅನಂತಮೂರ್ತಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಮೇಲೆ ಬರ್ಮಿಂಗ್‌ಹ್ಯಾಮಿಗೆ ಹೋಗಿ ಅಲ್ಲಿ ಕೂತು ‘ಸಂಸ್ಕಾರ’ ಬರೆದರು, 1965ರಲ್ಲಿ ಅದು ಅಚ್ಚಾಯಿತು. ‘ಅಮೆರಿಕಾದಲ್ಲಿ ಗೊರೂರು’ ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂತು. ದೊಡ್ಡ ಲೇಖಕರು, ಅವರ ದೊಡ್ಡತನದ ಬಗ್ಗೆ ಜಗಳವಿಲ್ಲ. ದೂರ ಹೋದದ್ದರಿಂದಲೇ ಅಗ್ರಹಾರ ಅಷ್ಟು ಸ್ಪಷ್ಟವಾಗಿ ಕಂಡಿತು ಎಂದು ಹೇಳುವವರ ಮಾತಲ್ಲಿ ನಿಜ ಇದೆ. ಆದರೆ ಈ ಪರಂಪರೆಯಲ್ಲಿ ‘ಬೇರು’ ಎಂಬುದು ಒಂದು ರೂಪಕ. ಊರು ಬಿಟ್ಟವನ ಎದೆಯಲ್ಲಿ ಬೇರು ಎಳೆಯುತ್ತದೆ, ಆತ ಅದನ್ನು ಕಾವ್ಯ ಮಾಡುತ್ತಾನೆ. ಲೈನಿನ ಹುಡುಗಿಗೆ ಈ ಪ್ರಶ್ನೆಯನ್ನು ಕೇಳುವವನು ಗಾಜಿನ ಹಿಂದೆ ಕೂತ ಕಾನ್ಸಲ್ ಅಧಿಕಾರಿ. ನಿನ್ನ ಬೇರು ಎಲ್ಲಿದೆ? ಕಾಗದ ತೋರಿಸು.

ಕಾಗದದ ವಿಷಯಕ್ಕೇ ಬರೋಣ. ಅಮೆರಿಕಾದ ವಲಸೆ ಕಾಯಿದೆಯ 214(ಬಿ) ಎಂಬ ಕಲಮು ಈ ಇಡೀ ಸಾಹಿತ್ಯದ ಮೂಲಸೂತ್ರ. ಅದರ ಪ್ರಕಾರ, ಅರ್ಜಿ ಹಾಕುವವನು ಅಲ್ಲೇ ಉಳಿದುಬಿಡುವವನೆಂದೇ ಮೊದಲು ಎಣಿಸಬೇಕು. ಹಾಗಲ್ಲ, ನಾನು ವಾಪಸ್ ಬರುವವನು ಎಂದು ರುಜುವಾತು ಮಾಡುವ ಹೊಣೆ ಅರ್ಜಿದಾರನದು. ಕಳ್ಳನಲ್ಲ ಎಂದು ತೋರಿಸುವ ಹೊಣೆ ನಿನ್ನದೇ ಎಂದ ಹಾಗೆ. ಅದೃಷ್ಟವಿದ್ದರೆ ಎರಡು ಮೂರು ನಿಮಿಷದ ಮಾತು. ಇಲ್ಲ ಅಂದರೆ ಎಲ್ಲರಿಗೂ ಕೊಡುವ ಅದೇ ಅಚ್ಚಾದ ಚೀಟಿ. ಮೇಲ್ಮನವಿ ಇಲ್ಲ. ಮತ್ತೆ ಅರ್ಜಿ ಹಾಕಬಹುದು, ಮತ್ತೆ ದುಡ್ಡು ಕಟ್ಟಿ. ವೀಸಾ ಶುಲ್ಕವನ್ನು 2023ರ ಜೂನ್‌ನಲ್ಲಿ 185 ಡಾಲರಿಗೆ ಏರಿಸಿದರು, ವಿದ್ಯಾರ್ಥಿಯ ನೋಂದಣಿಗೆಂದು ಬೇರೆ 350 ಡಾಲರ್.

ವಾಪಸ್ ಬರ್ತೀಯಾ ಎಂಬ ಪ್ರಶ್ನೆಗೆ ಒಪ್ಪುವ ಉತ್ತರ ಯಾವುದು? ಮನೆ, ಜಮೀನು, ಅಪ್ಪನ ವ್ಯಾಪಾರ, ಬ್ಯಾಂಕಿನ ಠೇವಣಿ. ಆಸ್ತಿ ಇದ್ದವನಿಗೆ ಊರಿನ ಮೇಲೆ ಪ್ರೀತಿ ಇರುತ್ತದೆ, ಇಲ್ಲದವನು ಓಡಿಹೋಗುತ್ತಾನೆ ಎಂಬುದು ಈ ಫಾರಮ್ಮಿನ ಮನಶ್ಶಾಸ್ತ್ರ. ಗಣಿಯ ಲೈನ್ ಮನೆ ಯಾರದು? ಕಂಪನಿಯದು. ಮೂರು ತಲೆಮಾರು ಅಲ್ಲಿ ಹುಟ್ಟಿ, ಸತ್ತು, ಗೋಡೆಗೆ ಸುಣ್ಣ ಬಳಿದು, ತಗಡು ಬದಲಾಯಿಸಿದರೂ ಕಾಗದದಲ್ಲಿ ಕಂಪನಿಯದೇ. ಗಣಿ ಮುಚ್ಚಿದ ಮೇಲೂ ಹಕ್ಕುಪತ್ರದ ತಗಾದೆ ವರ್ಷಗಟ್ಟಲೆ ನಡೆಯಿತು. ಬ್ಯಾಂಕಿನ ಶಿಕ್ಷಣ ಸಾಲದ ಮಾದರಿ ಯೋಜನೆ ನೋಡಿ: ಏಳೂವರೆ ಲಕ್ಷದ ಮೇಲೆ ಸಾಲ ಬೇಕಾದರೆ ಆಸ್ತಿಯನ್ನೇ ಒತ್ತೆ ಇಡಬೇಕು. ಏಳೂವರೆ ಲಕ್ಷ ಅಮೆರಿಕಾದಲ್ಲಿ ಒಂದು ವರ್ಷದ ಬಾಡಿಗೆ ಊಟಕ್ಕೂ ಸಾಲದು. ಹೀಗೆ ಅದೇ ಒಂದು ಹಕ್ಕುಪತ್ರ ಬ್ಯಾಂಕಿನಲ್ಲೂ ಬೇಕು, ಕಾನ್ಸಲೇಟಿನಲ್ಲೂ ಬೇಕು. ಇಂಗ್ಲೆಂಡಿನವರಿಗಾದರೆ ದುಡ್ಡು 28 ದಿನ ಒಂದೇ ಸಮ ಖಾತೆಯಲ್ಲಿ ಕೂತಿರಬೇಕು, 2025ರ ಜನವರಿಯಲ್ಲಿ ಲಂಡನ್ನಿಗೆ ತಿಂಗಳಿಗೆ 1,483 ಪೌಂಡಿನ ಲೆಕ್ಕದಲ್ಲಿ ಒಂಬತ್ತು ತಿಂಗಳಿನದು, ಫೀಸು ಬೇರೆ. ನಮ್ಮ ಮನೆಗಳಲ್ಲಿ ದುಡ್ಡು 28 ದಿನ ಅಲ್ಲಾಡದೆ ಕೂತಿದ್ದನ್ನು ಯಾರಾದರೂ ಕಂಡಿದ್ದರೆ ತಿಳಿಸಿ. ಅದನ್ನು ಕೂರಿಸಿಕೊಡಲು ಬಡ್ಡಿಗೆ ಕೊಡುವವರೂ ಹುಟ್ಟಿಕೊಂಡಿದ್ದಾರೆ.

ಇಲ್ಲಿ ಚರಿತ್ರೆಯನ್ನು ಸ್ವಲ್ಪ ಕೆದಕಬೇಕು. 1880ರಿಂದ ಜಾನ್ ಟೇಲರ್ ಕಂಪನಿಯ ಹಿಂದೆ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಗಣಿಗಾರರು ಬಂದರು. ಊರಿಗೂರೇ ಅವರಿಗೆ ‘ಲಿಟಲ್ ಇಂಗ್ಲೆಂಡ್’ ಆಯಿತು. ಕ್ಲಬ್ಬು ಕಟ್ಟಿದರು, ಗಾಲ್ಫ್ ಆಡಿದರು. ವಾಪಸ್ ಹೋಗ್ತೀಯಾ, ನಿನ್ನ ಖಾತೆಯಲ್ಲಿ ಎಷ್ಟಿದೆ ಎಂದು ಅವರನ್ನು ಯಾರೂ ಕೇಳಲಿಲ್ಲ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಬಂದದ್ದು ಗಣಿಗೆ, ಬೆಂಗಳೂರಿನ ಬೀದಿಗೆ ಬಂದದ್ದು 1905ರಲ್ಲಿ. ನಮ್ಮವರು ಬಂದದ್ದು ಇನ್ನೊಂದು ದಿಕ್ಕಿನಿಂದ. ಉತ್ತರ ಆರ್ಕಾಟಿನಿಂದ, ಚಿತ್ತೂರಿನ ಕಡೆಯಿಂದ, ಬಹುಪಾಲು ಹೊಲಗೇರಿಗಳಿಂದ. ಬೌರಿಂಗ್‌ಪೇಟೆ ಎಂದು ಸಾಹೇಬನ ಹೆಸರು ಹೊತ್ತಿದ್ದ ಇಂದಿನ ಬಂಗಾರಪೇಟೆಯಲ್ಲಿ ಮದರಾಸಿನ ದಾರಿಯ ರೈಲು ಇಳಿದು, ಗಣಿಯ ಕಡೆಗೆ ಹೊರಳಿದವರು. ಕನ್ನಡ ಪತ್ರಿಕೆಯಲ್ಲಿ ತಮಿಳು ಲೈನಿನ ಮಾತು ಯಾಕೆ ಎನ್ನುವ ಕನ್ನಡಾಭಿಮಾನಿಗಳು ಇದ್ದರೆ ಅವರಿಗೊಂದು ಮಾತು: ಸುಮಾರು 120 ವರ್ಷದಲ್ಲಿ ಹೊರಬಂದ 800 ಟನ್ ಚಿನ್ನವನ್ನು ನಾಡಿನ ಹೆಮ್ಮೆ ಅಂತೀರಲ್ಲ, ಅಗೆದವರನ್ನೂ ಸೇರಿಸಿಕೊಳ್ಳಿ. ಲಾಭ ಹೋದದ್ದು ಲಂಡನ್ನಿನಲ್ಲಿ ನೋಂದಾಯಿಸಿದ ಕಂಪನಿಗಳ ಷೇರುದಾರರಿಗೆ. ಈಗ ಅಗೆದವನ ಮೊಮ್ಮಗಳಿಗೆ ಲಂಡನ್ ಕೇಳುತ್ತಿದೆ, ನಿನ್ನ ಹತ್ತಿರ ದುಡ್ಡಿದೆಯಾ ಎಂದು.

ಬೆರಳಚ್ಚಿನ ಕಥೆ ಇನ್ನೂ ವಿಚಿತ್ರ. ಗಣಿಯಲ್ಲಿ ಚಿನ್ನದ ಕಳ್ಳತನದ ನೆವದಲ್ಲಿ ಕೂಲಿಕಾರನ ಮೈ ಜಡತಿ ಮಾಡುವುದು ದಿನನಿತ್ಯದ ಪದ್ಧತಿ. ಆ ಮೇಲೆ ಎಲ್ಲ ಕಾರ್ಮಿಕರ ಬೆರಳಚ್ಚನ್ನೂ ತೆಗೆದು ದಾಖಲೆ ಇಡುತ್ತೇವೆ ಅಂದಾಗ 1930ರಲ್ಲಿ ಜನ ಕೆಲಸ ನಿಲ್ಲಿಸಿ ಮುಷ್ಕರ ಹೂಡಿದರು. ಕೂಲಿ ಜಾಸ್ತಿ ಮಾಡಿ ಎಂದು ಕೂಗಿದ್ದರೆ ಅರ್ಥವಾಗುವ ವಿಷಯ. ಬೆರಳಿನ ಗೆರೆಗಾಗಿ ಹಸಿದು ಕೂತರು ಅನ್ನುವುದನ್ನು ನಮ್ಮ ಇತಿಹಾಸದ ಪಾಠಗಳು ಎಲ್ಲೂ ಹೇಳುವುದಿಲ್ಲ. ಈಗ ವೀಸಾ ಕೇಂದ್ರದಲ್ಲಿ ಹತ್ತೂ ಬೆರಳನ್ನು ಗಾಜಿನ ಮೇಲೆ ಇಡಬೇಕು. ಮೊಮ್ಮಕ್ಕಳು ಸಾಲಲ್ಲಿ ನಿಂತು ಇಡುತ್ತಾರೆ, ದುಡ್ಡು ಕೊಟ್ಟು ಇಡುತ್ತಾರೆ. ಅವರನ್ನು ಹಂಗಿಸಲು ಇದನ್ನು ಹೇಳುತ್ತಿಲ್ಲ, ಬೇರೆ ದಾರಿ ಅವರಿಗಿಲ್ಲ. ಇಂಗ್ಲೆಂಡಿಗೆ ಆರು ತಿಂಗಳಿಗಿಂತ ಹೆಚ್ಚು ಹೋಗುವವರು ಕ್ಷಯ ಇಲ್ಲ ಎಂದು ಎದೆಯ ಎಕ್ಸ್‌ರೇ ತೆಗೆಸಬೇಕು. ಗಣಿಯಲ್ಲೂ ಎಕ್ಸ್‌ರೇ ಇತ್ತು. ಕಲ್ಲಿನ ಧೂಳು ಕುಡಿದ ಎದೆಗೆ ಪರಿಹಾರ ಕೊಡಬೇಕೆಂದು ಮೈಸೂರು ಸರ್ಕಾರ ಸಿಲಿಕೋಸಿಸ್ ನಿಯಮಗಳನ್ನು ಮಾಡಿದ್ದು 1940ರಲ್ಲಿ, ಗಣಿ ಶುರುವಾಗಿ ಅರವತ್ತು ವರ್ಷದ ಮೇಲೆ.

ಅಮೆರಿಕಾದ ಡಿ.ಎಸ್.-160 ಎಂಬ ಫಾರಮ್ಮಿನಲ್ಲಿ ಹೆಸರಿನದೇ ಒಂದು ದೊಡ್ಡ ಅಧ್ಯಾಯ. ಮನೆತನದ ಹೆಸರು ಯಾವುದು? ಲೈನಿನವರಿಗೆ ಒಂದೇ ಹೆಸರು, ಮುಂದೆ ಅಪ್ಪನ ಇನಿಷಿಯಲ್ಲು. ಮನೆತನದ ಹೆಸರು ಇಟ್ಟುಕೊಳ್ಳುವಷ್ಟು ಮನೆತನವನ್ನು ನಮಗೆ ಯಾರು ಬಿಟ್ಟರು? ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಆ ಹೆಸರು ಮನೆತನದ ಜಾಗಕ್ಕೆ ಹೋಗಿ ಕೂರುತ್ತದೆ, ಸ್ವಂತ ಹೆಸರಿನ ಜಾಗದಲ್ಲಿ ‘ಎಫ್.ಎನ್.ಯು.’ ಎಂದು ಬರುತ್ತದೆ. ಹಾಗೆಂದರೆ, ಮೊದಲ ಹೆಸರು ಗೊತ್ತಿಲ್ಲ. ಅವ್ವ ಇಟ್ಟು ಕೂಗಿದ ಹೆಸರೇ ಗೊತ್ತಿಲ್ಲದ್ದಾಯಿತು. ಅದೇ ಫಾರಮ್ಮು ಮುಂದೆ ಕೇಳುತ್ತದೆ: ಬೇರೆ ಹೆಸರು ಯಾವಾಗಲಾದರೂ ಬಳಸಿದ್ದೀಯಾ? ನೀನು ಯಾವುದಾದರೂ ಕುಲಕ್ಕೆ, ಬುಡಕಟ್ಟಿಗೆ ಸೇರಿದವನಾ? ಈ ಕೊನೆಯ ಪ್ರಶ್ನೆಗೆ ನಮ್ಮ ಹುಡುಗರು ಒಂದು ನಿಮಿಷ ನಿಂತು, ಇಲ್ಲ ಎಂದು ಗುರುತು ಹಾಕುತ್ತಾರೆ. ಆದರೆ ಅದೇ ಹುಡುಗ ವಿದ್ಯಾರ್ಥಿವೇತನಕ್ಕೆ ಹಾಕುವ ಕಡತದಲ್ಲಿ ಜಾತಿ ಪ್ರಮಾಣಪತ್ರವೇ ಮೊದಲ ಹಾಳೆ. ಒಂದು ವಾರದಲ್ಲಿ ಒಬ್ಬನೇ ಮನುಷ್ಯ ಒಂದು ಕಡೆ ಜಾತಿಯೇ ಆಗಿ, ಇನ್ನೊಂದು ಕಡೆ ಕುಲವೇ ಇಲ್ಲದವನಾಗಿ ತನ್ನನ್ನು ಬರೆದುಕೊಳ್ಳಬೇಕು.

ಬೇರೆ ಹೆಸರು ಬಳಸಿದ್ದೀಯಾ ಎಂಬ ಪ್ರಶ್ನೆಗೆ ಹೌದು ಎಂದು ಉತ್ತರಿಸಬೇಕಾಗಿದ್ದ ಒಬ್ಬ ಪರದೇಶದ ವಿದ್ಯಾರ್ಥಿ ನಮಗೆಲ್ಲ ಗೊತ್ತು. ಅಂಬೇಡ್ಕರ್ 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾಕ್ಕೆ ಹೋದದ್ದು ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದಿಂದ, ಮೂರು ವರ್ಷ, ತಿಂಗಳಿಗೆ ಹನ್ನೊಂದೂವರೆ ಪೌಂಡು. ವಾಪಸ್ ಬಂದು ಹತ್ತು ವರ್ಷ ಬರೋಡಾ ಸಂಸ್ಥಾನದ ಸೇವೆ ಮಾಡಬೇಕು ಎಂದು ಕರಾರು. ಅಂದರೆ ‘ವಾಪಸ್ ಬರ್ತೀಯಾ’ ಎಂಬ ಪ್ರಶ್ನೆಗೆ ಸಹಿ ಹಾಕಿ ಉತ್ತರ ಕೊಟ್ಟೇ ಹೋದವರು. ಮಾತಿನಂತೆ ವಾಪಸ್ ಬಂದರು. ಬಂದವರಿಗೆ ಬರೋಡಾದಲ್ಲಿ ಇರಲು ಮನೆ ಸಿಗಲಿಲ್ಲ. ಪಾರ್ಸಿಗಳ ಛತ್ರವೊಂದರಲ್ಲಿ ಪಾರ್ಸಿ ಹೆಸರು ಬರೆಸಿ ಇಳಿದುಕೊಂಡರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದವರು ಬಂದು ಹೊರಗೆ ಹಾಕಿದರು. ಕೊಲಂಬಿಯಾದಲ್ಲಿ ಓದಿ ಬಂದ ಮನುಷ್ಯ ಊರಿನ ತೋಟದಲ್ಲಿ ಕೂತು ಹೊತ್ತು ಕಳೆದು ಬೊಂಬಾಯಿಯ ರೈಲು ಹಿಡಿದರು.

ಇದನ್ನು ಅವರು ಬರೆದದ್ದು 1930ರ ದಶಕದ ನಡುವೆ, ಒಂದು ಚಿಕ್ಕ ಬರಹದಲ್ಲಿ. 1990ರಲ್ಲಿ ಪೀಪಲ್ಸ್ ಎಜುಕೇಶನ್ ಸೊಸೈಟಿ ಅದನ್ನು ಪುಸ್ತಕವಾಗಿ ತಂದಿತು. ಹೆಸರು ‘ವೇಟಿಂಗ್ ಫಾರ್ ಎ ವೀಸಾ’, ವೀಸಾಕ್ಕಾಗಿ ಕಾಯುತ್ತಾ. ಕೊಲಂಬಿಯಾದ ತರಗತಿಗಳಲ್ಲೇ ಅದನ್ನು ಓದಿಸಿದ್ದಾರೆ. ಹೆಸರು ನೋಡಿ ಯಾರಾದರೂ ಪರದೇಶದ ಅನುಭವ ಕಥನ ಇರಬೇಕು ಎಂದು ಪುಟ ತಿರುಗಿಸಿದರೆ ಸಿಗುವುದೇನು? 1901ರಲ್ಲಿ ಅಪ್ಪನನ್ನು ನೋಡಲು ಹೊರಟ ಮಕ್ಕಳು ಮಸೂರ್ ಸ್ಟೇಷನ್ನಿನಲ್ಲಿ ಇಳಿದು ನಿಂತಿದ್ದಾರೆ. ಒಳ್ಳೆಯ ಬಟ್ಟೆ ನೋಡಿ ಸ್ಟೇಷನ್ ಮಾಸ್ತರ್ ಬ್ರಾಹ್ಮಣರ ಮಕ್ಕಳೆಂದುಕೊಂಡು ಹತ್ತಿರ ಬಂದವನು ಮಹಾರರು ಎಂದು ಕೇಳಿದ ಕೂಡಲೇ ಹಿಂದೆ ಸರಿಯುತ್ತಾನೆ. ದುಪ್ಪಟ್ಟು ಬಾಡಿಗೆ ಕೊಟ್ಟರೂ ಬಂಡಿಯನ್ನು ಮಕ್ಕಳೇ ಹೊಡೆಯಬೇಕು, ಬಂಡಿಯವನು ಪಕ್ಕದಲ್ಲಿ ನಡೆಯುತ್ತಾನೆ. ಬುತ್ತಿ ಇದೆ, ಕುಡಿಯಲು ನೀರಿಲ್ಲ. 1929ರ ಚಾಳೀಸಗಾಂವದಲ್ಲಿ ಟಾಂಗಾದವರು ಯಾರೂ ಹೊಡೆಯಲು ಒಪ್ಪದೆ, ಅಭ್ಯಾಸವಿಲ್ಲದವನ ಕೈಗೆ ಲಗಾಮು ಕೊಟ್ಟು, ಟಾಂಗಾ ಉರುಳಿ ಬಾಬಾಸಾಹೇಬರ ಕಾಲು ಮುರಿಯುತ್ತದೆ. ದೌಲತಾಬಾದಿನ ಕೋಟೆಯಲ್ಲಿ ಕೆರೆಯ ನೀರು ಮುಟ್ಟಿದ್ದಕ್ಕೆ ಗಲಾಟೆ. ಎಲ್ಲವೂ ಇಲ್ಲಿನವೇ. ಸ್ಟೇಷನ್ನಿಗೆ, ಛತ್ರಕ್ಕೆ, ಕೆರೆಗೆ, ಟಾಂಗಾಕ್ಕೆ ವೀಸಾ ಬೇಕು, ಕೊಡುವ ಕಚೇರಿ ಎಲ್ಲಿದೆಯೋ ಗೊತ್ತಿಲ್ಲ.

ಈ ಪುಸ್ತಕವನ್ನು ನಾವು ಉದ್ದೇಶಪತ್ರದ ಪಕ್ಕದಲ್ಲಿಟ್ಟು ಓದಿದೆವು. ಅಮೆರಿಕಾ, ಇಂಗ್ಲೆಂಡು ಎರಡೂ ಕಡೆ ಡಾಕ್ಟರೇಟ್ ಪಡೆದವರ ಬರಹದಲ್ಲಿ ಸಾಧನೆಯ ಬಗ್ಗೆ ಹೆಮ್ಮೆಯ ಒಂದು ಸಾಲೂ ಇಲ್ಲ. ಪ್ರತಿ ಪ್ರಸಂಗದಲ್ಲೂ ಅವರು ಸೋಲುತ್ತಾರೆ, ಸೋತದ್ದನ್ನು ಗೆಲುವಾಗಿ ತಿರುಗಿಸುವ ಕೊನೆಯ ಪ್ಯಾರಾ ಇಲ್ಲ. ಕಷ್ಟ ಪಟ್ಟೆ, ಕಲಿತೆ, ಬೆಳೆದೆ ಎಂಬ ಏಜೆಂಟರ ಅಚ್ಚುಮೆಚ್ಚಿನ ಏಣಿ ಇಲ್ಲವೇ ಇಲ್ಲ. ಐದು ವರ್ಷ ಪರದೇಶದಲ್ಲಿ ಇದ್ದು ತಾನು ಅಸ್ಪೃಶ್ಯ ಎಂಬುದೇ ಮನಸ್ಸಿನಿಂದ ಅಳಿಸಿಹೋಗಿತ್ತು ಎಂದು ಅವರು ಹೇಳುವ ಕಡೆ ಕೂಡ ದನಿ ಏರುವುದಿಲ್ಲ. ಯಾರು ಎಷ್ಟು ದುಡ್ಡು ಕೇಳಿದರು, ಎಷ್ಟು ಹೊತ್ತು ಕಾದೆವು ಎಂಬ ಲೆಕ್ಕ ಮಾತ್ರ ಸರಿಯಾಗಿ ಇದೆ. ಏಜೆಂಟನ ಕೈಗೆ ಕೊಟ್ಟಿದ್ದರೆ ಇಡೀ ಪುಸ್ತಕ ನೆಗೆಟಿವ್. ಲೈನಿನ ಹುಡುಗಿಯ ಮೊದಲ ಪ್ರತಿಗೆ ಸಂಬಂಧಿಕರು ಯಾರು ಎಂದು ಕೇಳಿದರೆ ಇದನ್ನು ತೋರಿಸಬೇಕು. ಇನ್ನೂ ಹತ್ತಿರದ ಸಂಬಂಧಿಕರೂ ಇದ್ದಾರೆ. ಅಯೋತಿದಾಸರ ಬೌದ್ಧ ಚಳವಳಿಯ ಶಾಖೆಗಳು ಮಾರಿಕುಪ್ಪದಲ್ಲಿ, ಚಾಂಪಿಯನ್ ರೀಫ್ಸ್‌ನಲ್ಲಿ ಇದ್ದವು. ಅವರು ಮದರಾಸಿನಲ್ಲಿ 1907ರಲ್ಲಿ ಆರಂಭಿಸಿದ ‘ತಮಿಳನ್’ ಪತ್ರಿಕೆಯನ್ನು ಅವರ ಕಾಲದ ನಂತರ, 1920ರ ದಶಕದಲ್ಲಿ ಈ ಗಣಿಯ ಊರಿನಿಂದಲೇ ಮತ್ತೆ ಹೊರತಂದರು. ದಿನಕ್ಕೆ ಒಂದು ಪಾಳಿ ಕಲ್ಲು ಒಡೆದು ಬಂದು ಪತ್ರಿಕೆ ಓದಿಸಿ ಕೇಳುತ್ತಿದ್ದ ಜನ ಅವರು.

ಈಗ ಸರ್ಕಾರದ ಒಂದು ಬರಹವನ್ನೂ ಓದೋಣ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಪರದೇಶದಲ್ಲಿ ಓದಲು ನೆರವಾಗುವ ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ 1954-55ರಿಂದ ಇದೆ. ಕರ್ನಾಟಕದಲ್ಲಿ ‘ಪ್ರಬುದ್ಧ’ ಎಂಬ ಯೋಜನೆ ಬಂದಿದೆ. ಲೈನಿನ ಹುಡುಗಿಯರಿಗೆ ಹಕ್ಕುಪತ್ರ, ಠೇವಣಿ, ಜಾಮೀನು ಎಲ್ಲದಕ್ಕೂ ಬದಲಿಯಾಗಿ ನಿಲ್ಲಬಲ್ಲ ಒಂದೇ ಕಾಗದ ಇಂಥ ವಿದ್ಯಾರ್ಥಿವೇತನದ ಪತ್ರ. ಆದ್ದರಿಂದ ಇದರ ಒಂದೊಂದು ವಾಕ್ಯವೂ ನಮಗೆ ಜೀವದ ಪ್ರಶ್ನೆ. ಕೇಂದ್ರ 2022ರಲ್ಲಿ ಹೊರಡಿಸಿದ ಮಾರ್ಗಸೂಚಿ ಒಂದು ಹೊಸ ವಾಕ್ಯ ಸೇರಿಸಿತು. ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಭಾರತದ ಸಮಾಜದ ಅಧ್ಯಯನ, ಇವುಗಳಿಗೆ ಸಂಬಂಧಪಟ್ಟ ವಿಷಯಗಳಿಗೆ ಈ ಹಣ ಸಿಗುವುದಿಲ್ಲ. ಇವನ್ನು ಓದಲು ಇಲ್ಲೇ ಬೇಕಾದಷ್ಟು ವಿಶ್ವವಿದ್ಯಾಲಯ, ಪರಿಣತರು ಇದ್ದಾರಲ್ಲ ಎಂಬುದು ಸಚಿವಾಲಯದ ವಾದ.

ನಯವಾದ ವಾಕ್ಯ. ಇದು ಏಜೆಂಟನ ವಾಕ್ಯವೇ, ಸರ್ಕಾರದ ಮೊಹರು ಬಿದ್ದಿದೆ ಅಷ್ಟೆ. ಹುಡುಗಿ ಸೈನೈಡ್ ಮಣ್ಣಿನ ರಸಾಯನ ಓದುತ್ತೇನೆ ಅಂದರೆ ಅರ್ಜಿ ಹಾಕಬಹುದು. ಅವಳ ಅಕ್ಕನೋ ತಂಗಿಯೋ ಆ ಗುಡ್ಡ ಯಾರ ಬೆವರಿನದು, ಆಳಕ್ಕೆ ಇಳಿದವರಲ್ಲಿ ಹೊಲಗೇರಿಯವರೇ ಯಾಕೆ ಅಷ್ಟು ಮಂದಿ, 1930ರಲ್ಲಿ ಬೆರಳು ಮುಚ್ಚಿಕೊಂಡು ಯಾಕೆ ಕೂತರು ಎಂದು ಓದುತ್ತೇನೆ ಅಂದರೆ ಕಡತ ಅಲ್ಲೇ ನಿಲ್ಲುತ್ತದೆ. ಧೂಳನ್ನು ಓದಬಹುದು, ಧೂಳು ಕುಡಿದವರನ್ನು ಓದುವ ಹಾಗಿಲ್ಲ. ಇಲ್ಲೇ ಓದಿ ಅನ್ನುವವರಿಗೆ ಒಂದು ಪ್ರಶ್ನೆ. ಲಂಡನ್ನಿನ ಕಂಪನಿಗಳು ಅಗೆಸಿದ ಗಣಿ ಇದು, ಇಂಡಿಯಾ ಆಫೀಸಿನ ದಾಖಲೆಗಳು ಇರುವುದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ. ನಮ್ಮ ತಾತಂದಿರ ಚರಿತ್ರೆಯ ಕಾಗದಗಳನ್ನು ಹಡಗು ಹತ್ತಿಸಿದವರು ಯಾರು? ಅವನ್ನು ನೋಡಿಬರಲು ಟಿಕೆಟ್ಟಿನ ದುಡ್ಡು ಕೇಳಿದರೆ ಮಾತ್ರ ಭಾರತದಲ್ಲೇ ಎಲ್ಲ ಇದೆ.

ಈ ವಾಕ್ಯವನ್ನು 1913ಕ್ಕೆ ಒಯ್ದು ನೋಡಿ. 1916ರ ಮೇ 9ರಂದು ಕೊಲಂಬಿಯಾದಲ್ಲಿ ಗೋಲ್ಡನ್‌ವೈಸರ್ ನಡೆಸುತ್ತಿದ್ದ ಮಾನವಶಾಸ್ತ್ರದ ಗೋಷ್ಠಿಯಲ್ಲಿ ಅಂಬೇಡ್ಕರ್ ಓದಿದ ಪ್ರಬಂಧ ‘ಭಾರತದಲ್ಲಿ ಜಾತಿಗಳು’. ವಿಷಯ ಭಾರತದ ಸಮಾಜ, ಹಣ ಇಲ್ಲ. ಲಂಡನ್ನಿನಲ್ಲಿ 1923ರಲ್ಲಿ ಡಿ.ಎಸ್ಸಿ. ತಂದುಕೊಟ್ಟ ‘ರೂಪಾಯಿಯ ಸಮಸ್ಯೆ’ ಭಾರತದ ನಾಣ್ಯದ ಇತಿಹಾಸ, ಅದೂ ಅನುಮಾನವೇ. ಆ ಪುಸ್ತಕ ರೂಪಾಯಿಗೂ ಚಿನ್ನಕ್ಕೂ ಇರುವ ನಂಟಿನ ಕುರಿತದ್ದು ಎಂಬುದನ್ನು ಗಣಿಯ ಊರಿನ ನಾವು ಬೇರೆಯವರಿಗಿಂತ ಹೆಚ್ಚು ನೆನಪಿಡುತ್ತೇವೆ. ಬರೋಡಾದ ಮಹಾರಾಜನಿಗೆ ಇಲ್ಲದಿದ್ದ ಹೆದರಿಕೆ ಗಣರಾಜ್ಯದ ಸಚಿವಾಲಯಕ್ಕೆ ಯಾಕೆ ಬಂತು? 2025ರ ಜುಲೈನಲ್ಲಿ ಇನ್ನೊಂದು ಸುದ್ದಿ: ಆಯ್ಕೆಯಾದ 106 ಮಂದಿಯಲ್ಲಿ 40 ಮಂದಿಗೆ ಮಾತ್ರ ಮೊದಲಿಗೆ ತಾತ್ಕಾಲಿಕ ಪತ್ರ, ಉಳಿದವರಿಗೆ ಹಣ ಒದಗಿದರೆ ನೋಡೋಣ ಎಂಬ ಉತ್ತರ. ಸೆಪ್ಟೆಂಬರಿಗೆ ತರಗತಿ ಶುರುವಾಗುವ ಹುಡುಗನಿಗೆ ಜುಲೈನಲ್ಲಿ ‘ನೋಡೋಣ’.

ಪರದೇಶಕ್ಕೆ ಹೋದರೆ ಜಾತಿ ತಪ್ಪುತ್ತದೆ ಎಂಬ ಆಸೆಯ ಬಗ್ಗೆಯೂ ಒಂದು ಮಾತು. ಅಂಬೇಡ್ಕರರ ಕಾಲದ ಅಮೆರಿಕಾದಲ್ಲಿ ಜಾತಿ ಹಿಂದೂಗಳು ಕೆಲವೇ ಮಂದಿ. ಈಗ ಕಂಪನಿಗಳಲ್ಲಿ, ಕಾಲೇಜುಗಳಲ್ಲಿ ತುಂಬಿದ್ದಾರೆ. ಬ್ರಾಂಡೈಸ್ ವಿಶ್ವವಿದ್ಯಾಲಯ 2019ರಲ್ಲಿ, ಸಿಯಾಟಲ್ ನಗರ 2023ರ ಫೆಬ್ರವರಿಯಲ್ಲಿ ಜಾತಿ ತಾರತಮ್ಯವನ್ನು ಹೆಸರಿಟ್ಟು ನಿಷೇಧಿಸಬೇಕಾಗಿ ಬಂದದ್ದು ಸುಮ್ಮನೆ ಅಲ್ಲ. ಕ್ಯಾಲಿಫೋರ್ನಿಯಾದಲ್ಲಿ ಶಾಸನಸಭೆ ಒಪ್ಪಿದ ಮಸೂದೆಯನ್ನು ಅದೇ ವರ್ಷದ ಅಕ್ಟೋಬರಿನಲ್ಲಿ ಗವರ್ನರ್ ತಳ್ಳಿಹಾಕಿದರು. ಇದರ ಮೇಲೆ 2025ರ ಜೂನ್‌ನಲ್ಲಿ ಅಮೆರಿಕಾ ಇನ್ನೊಂದು ಷರತ್ತು ಹಾಕಿತು: ವಿದ್ಯಾರ್ಥಿ ವೀಸಾ ಕೇಳುವವರು ತಮ್ಮ ಸಾಮಾಜಿಕ ಜಾಲತಾಣದ ಪುಟಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕು. ಏಪ್ರಿಲ್ 14ರ ಮೆರವಣಿಗೆಯ ಫೋಟೋ, ಯಾವುದೋ ಧರಣಿಯಲ್ಲಿ ಹಿಡಿದ ಬ್ಯಾನರು, ಯಾರದೋ ಕೊಲೆಗೆ ಬರೆದ ನಾಲ್ಕು ಸಿಟ್ಟಿನ ಸಾಲು ಇವನ್ನೆಲ್ಲ ಹುಡುಗರು ರಾತ್ರಿ ಕೂತು ಅಳಿಸುತ್ತಿದ್ದಾರೆ. ಉದ್ದೇಶಪತ್ರದಿಂದ ತಾತನನ್ನು ತೆಗೆದ ಹಾಗೆ ಈಗ ತಮ್ಮನ್ನೇ ತೆಗೆಯುತ್ತಿದ್ದಾರೆ.

ಇಷ್ಟೆಲ್ಲ ಬರೆದದ್ದು ಹೋಗಬೇಡಿ ಎನ್ನಲು ಅಲ್ಲ. ಹೋಗಿ, ಖಂಡಿತ ಹೋಗಿ. ಕೆಲಸ ಆಗಬೇಕಾದರೆ ಏಜೆಂಟನ ಪ್ರತಿಯನ್ನೇ ಕಳಿಸಿ, ಅದಕ್ಕೆ ನಾಚಬೇಕಾದವರು ನೀವಲ್ಲ. ಆ ಹುಡುಗಿಗೆ ವೀಸಾ ಸಿಕ್ಕಿತೋ ಇಲ್ಲವೋ ಎಂದು ಕೇಳುವವರಿಗೆ ನಾವು ಹೇಳುವುದಿಲ್ಲ. ಓದಿದ್ದು ಅವಳ ಬರಹವನ್ನು, ಅವಳ ಹಣೆಬರಹವನ್ನಲ್ಲ. ಆದರೆ ಮೊದಲ ಪ್ರತಿಯನ್ನು ಹರಿದು ಹಾಕಬೇಡಿ. ರಾಬರ್ಟ್‌ಸನ್‌ಪೇಟೆ, ಆಂಡರ್‌ಸನ್‌ಪೇಟೆ, ಊರ್ಗಾಂ, ಕೋರಮಂಡಲ, ಬಂಗಾರಪೇಟೆ, ಎಲ್ಲಿಂದಲಾದರೂ ಸರಿ, ತಮಿಳು, ತೆಲುಗು, ಕನ್ನಡ, ಸೊಟ್ಟ ಇಂಗ್ಲಿಷು ಯಾವುದರಲ್ಲಾದರೂ ಸರಿ, ಏಜೆಂಟು ಕೆಂಪು ಗೆರೆ ಎಳೆದ ಹಾಳೆಗಳನ್ನು, 214(ಬಿ) ಚೀಟಿ ಸಿಕ್ಕವರು ಗಾಜಿನ ಮುಂದೆ ಆಡಿದ ಮಾತುಗಳನ್ನು ನೆನಪಿದ್ದಷ್ಟು ಬರೆದು ಕಳಿಸಿ. ಹೆಸರು ಹಾಕುವುದಿಲ್ಲ. ತಾತ, ಅಜ್ಜಿ, ಅನ್ನದ ತಟ್ಟೆ ಇದ್ದ ಜಾಗದಲ್ಲೇ ಇಟ್ಟು ಅಚ್ಚು ಹಾಕುತ್ತೇವೆ.